ಎಣ್ಣೆ ಹಾಕಿದ ರಾಟೆ

ಮಹಿಳಾ ಮಂಡಳದ ಅಧ್ಯಕ್ಷೆ ನಮ್ಮ ಮನೆಗೆ ಬಂದ ಮಧ್ಯಾಹ್ನ ನಾನು ಮೊಣಕೈವರೆಗೆ ಹಪ್ಪಳದ ಹಿಟ್ಟು ಮಾಡಿಕೊಂಡು ಕೂತಿದ್ದೆ. ಅವರು ನೇರ ಒಳಗೇ ಬಂದು, ಮಣೆ ಎಳೆದುಕೊಂಡು ಕೂತರು. ಇನ್ನು ಆರು ವಾರಕ್ಕೆ ಕುಮಟೆಯ ಒಂದು ಶಾಲೆಯ ಬಯಲಿನಲ್ಲಿ ಮೂರೂ ತಾಲೂಕಿನ ಹೆಂಗಸರ ಕೂಟವಿದೆ, ಭಟ್ಕಳದವರದು ಹಾಡು, ಕುಮಟೆಯವರದು ನಾಟಕ ಎಂದು ಆಗಲೇ ಹಂಚಿಕೆಯಾಗಿದೆ ಎಂದರು. ಹೊನ್ನಾವರದ ಪಾಲಿಗೆ ಬಂದದ್ದು ನೃತ್ಯ. ಅದನ್ನು ಕಟ್ಟಿಕೊಡಬೇಕಾದವಳು ನಾನು.

ಹಿಂದಿನ ವರ್ಷ ಶಾಲೆಯ ಹುಡುಗಿಯರ ಕೈಗೆ ಬಣ್ಣದ ಬೆತ್ತದ ಬಳೆ ಕೊಟ್ಟು ಒಂದು ಕುಣಿತ ಮಾಡಿಸಿದ್ದೆ. ಕಾನ್ವೆಂಟಿನಲ್ಲಿ ಡ್ರಿಲ್ ಸಿಸ್ಟರ್ ನಮಗೆ ಕಲಿಸಿದ್ದನ್ನೇ ಸ್ವಲ್ಪ ಹಿಂದುಮುಂದು ಮಾಡಿದ್ದು ಅದು. ಜನ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಒಳಗೊಳಗೇ ಸಪ್ಪೆ ಅನ್ನಿಸಿತ್ತು, ಬೇರೆಯವರ ಸೀರೆ ಉಟ್ಟು ಮದುವೆಗೆ ಹೋಗಿಬಂದ ಹಾಗೆ. ಈ ಸಲ ಮದುವೆಯಾದ ಹೆಂಗಸರಿಗೆ ಕಲಿಸುವುದಿತ್ತು. ನಾಲ್ವರನ್ನು ಅಧ್ಯಕ್ಷೆಯೇ ಗೊತ್ತುಮಾಡಿದ್ದರು: ಪೋಸ್ಟ್ ಮಾಸ್ತರರ ಹೆಂಡತಿ, ಬಂದರಿನ ಹತ್ತಿರದ ಇಬ್ಬರು ಓರಗಿತ್ತಿಯರು, ಮತ್ತೆ ಭಟ್ಕಳದಿಂದ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬದ ಒಬ್ಬಳು.

ಹೊರಡುವಾಗ ಅಧ್ಯಕ್ಷೆ ಬಾಗಿಲ ಬಳಿ ನಿಂತು, "ಒಬ್ಬೊಬ್ಬಳ ಅತ್ತೆ ಹತ್ರನೂ ಆನೇ ಹೋಗಿ ಒಪ್ಪಿಸ್ಕ್ಯಂಡು ಬಂಜಿ," ಎಂದರು. "ಈ ಸಲ ನಗೆಪಾಟ್ಲಾದ್ರೆ ಮುಂದಿನ ಸಲ ಒಬ್ಬಳೂ ಹೊಸ್ಲು ದಾಟ್ತಿಲ್ಲೆ. ನೆನಪಿಟ್ಕ."

ನೆನಪಿಟ್ಟುಕೊಂಡೆ. ಆದರೆ ಬೆತ್ತದ ಬಳೆಗಳನ್ನು ಅಟ್ಟದಿಂದ ಇಳಿಸಲಿಲ್ಲ.

ನಮ್ಮ ಮನೆಯಿಂದ ಹೊಳೆ ದಾಟಿಸುವ ತಾರಿಗೆ ಹೋಗುವ ದಾರಿಯಲ್ಲಿ, ಹೊಳೆದಂಡೆಯ ಮೇಲೆ, ಕತ್ತದ ಹಗ್ಗ ಮಾಡುವ ಒಬ್ಬಳ ಅಂಗಳವಿತ್ತು. ಶರಾವತಿಯ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿದ ತೆಂಗಿನ ಸಿಪ್ಪೆಯನ್ನು ಕೊಡತಿಯಿಂದ ಬಡಿದು, ನಾರು ಬಿಡಿಸಿ, ಒಣಗಿಸಿ, ರಾಟೆಗೆ ಸಿಕ್ಕಿಸಿ ಹೊಸೆಯುತ್ತಿದ್ದಳು. ಒಬ್ಬಳು ಕೂತು ರಾಟೆ ತಿರುಗಿಸಿದರೆ ಉಳಿದವರು ಸೊಂಟದಲ್ಲಿ ನಾರಿನ ಕಟ್ಟು ಸಿಕ್ಕಿಸಿಕೊಂಡು, ಕದಿರಿಗೆ ಅದರ ತುದಿ ಹಾಕಿ, ಬೆರಳಲ್ಲಿ ನಾರು ಬಿಡುತ್ತ ಹಿಂದೆ ಹಿಂದೆ ನಡೆಯಬೇಕು. ರಾಟೆಯಿಂದ ಹಲಸಿನ ಮರದವರೆಗೆ ಹನ್ನೆರಡು ಮಾರು. ತಾರಿಗೆ ಕಾಯುತ್ತ ಎಷ್ಟೋ ಸಲ ನಾನು ಅದನ್ನು ನೋಡಿದ್ದೆ. ಅವರ ಗಲ್ಲ ಅಲುಗುತ್ತಿರಲಿಲ್ಲ. ಕಣ್ಣು ಎಳೆಯ ಮೇಲೆ. ಹಿಂದಿನದನ್ನೆಲ್ಲ ನೋಡಿಕೊಳ್ಳುವುದು ಹಿಮ್ಮಡಿ. ಅದು ಮೊದಲು ನೆಲವನ್ನು ಸವರಿ, ಕಲ್ಲಿಲ್ಲ ಬೇರಿಲ್ಲ ಎಂದು ತಿಳಿದುಕೊಂಡು ಆಮೇಲೆ ಊರುತ್ತಿತ್ತು. ಕೆಲಸ ಎಂದು ನೋಡಿದರೆ ಕೆಲಸ. ನನಗೆ ಅದರಷ್ಟು ಸುಂದರವಾದ ಹೆಜ್ಜೆ ಬೇರೆಲ್ಲೂ ಕಂಡಿರಲಿಲ್ಲ. ಆ ಹೆಜ್ಜೆಯಿಂದಲೇ ನೃತ್ಯ ಮಾಡುತ್ತೇನೆ ಎಂದು ಅವತ್ತು ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದೆ. ನಮ್ಮವರು ಸರ್ವೆ ಆಫೀಸಿನವರು, ಯಾವುದಕ್ಕೂ ಅವಸರದಲ್ಲಿ ಉತ್ತರ ಕೊಡುವವರಲ್ಲ. ಮಜ್ಜಿಗೆ ಮುಗಿಸಿದ ಮೇಲೆ, "ಅಳತೆಗೆ ಟೇಪು ಬೇಕಾದರೆ ನನ್ನ ಚೀಲದಲ್ಲಿದೆ," ಎಂದರು.

ಎಂಟು ದಿನ ಆ ಅಂಗಳಕ್ಕೆ ಹೋದೆ. ರಾಟೆಯಮ್ಮ (ನಾನು ಅವಳನ್ನು ಕರೆಯುತ್ತಿದ್ದುದೇ ಹಾಗೆ) ಮೊದಲ ದಿನ ನನ್ನನ್ನು ಸೆನ್ಸಸ್ಸಿನವಳು ಎಂದುಕೊಂಡಿದ್ದಳು. ನನ್ನ ಹತ್ತಿರ ಇದ್ದದ್ದು ಕಾನ್ವೆಂಟಿನ ಕಾಲದ ಕ್ರಾಸ್ ಸ್ಟಿಚ್ ಪುಸ್ತಕ, ಚೌಕುಳಿ ಹಾಳೆಯದ್ದು. ಗುಲಾಬಿ, ಗಿಳಿ ಬರೆಯುತ್ತಿದ್ದ ಚೌಕುಳಿಗಳಲ್ಲಿ ಈಗ ಎಡ ಹಿಮ್ಮಡಿಗೆ ಒಂದು ಗುರುತು, ಬಲಕ್ಕೆ ಒಂದು, ನಾರು ಬಿಡುವ ಬೆರಳಿಗೆ ಒಂದು ಚುಕ್ಕೆ ಹಾಕಿದೆ. ಎಂಟೆಂಟು ಎಣಿಕೆಗೆ ಒಂದು ಸಾಲು. ಹತ್ತು ಹಾಳೆ ತುಂಬಿತು. ನೋಡಲು ಬಹಳ ಚೆಂದ ಇತ್ತು.

ನಮ್ಮ ಮನೆಯ ಪಕ್ಕದ ಜಾಗದಲ್ಲಿ ಅಭ್ಯಾಸ ಸುರುಮಾಡಿದೆವು. ಅಲ್ಲಿ ಸಿಕ್ಕಿದ್ದು ಒಂಬತ್ತು ಮಾರು. ಮಂಡಳದ ಹಾರ್ಮೋನಿಯಂ ಮಾಸ್ತರರು ಎಂಟರ ಎಣಿಕೆಗೆ ಒಪ್ಪುವ ಒಂದು ಧಾಟಿ ಹಾಕಿಕೊಟ್ಟರು. ನಾಲ್ವರೂ ಬರಿಗೈಯಲ್ಲಿ ನಾರು ಬಿಡುವ ಹಾಗೆ ಅಭಿನಯಿಸುತ್ತ ಹಿಂದೆ ನಡೆದರು. ಎಣಿಕೆ ತಪ್ಪಲಿಲ್ಲ, ಸಾಲು ಸೊಟ್ಟಗಾಗಲಿಲ್ಲ. ಆದರೂ ಎಲ್ಲೋ ಏನೋ ಸರಿಯಿಲ್ಲ. ಒಂದು ವಾರ ಹಾಗೇ ಎಳೆದೆ. ಕಡೆಗೆ ರಾಟೆಯಮ್ಮನನ್ನೇ ಕರೆತಂದು ಕೂರಿಸಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನೋಡಿದಳು. ನಗು ತಡೆಯಲು ಎಂದು ಆಮೇಲೆ ಗೊತ್ತಾಯಿತು.

"ಎಂತ ಆತು?" ಎಂದೆ.

"ಎಂತ ಇಲ್ಲ ಅಕ್ಕೋರೆ. ದೇವಸ್ಥಾನದಾಗೆ ಕೈಮುಗ್ದು ಹಿಂದೆ ಸರೀತ್ರಲ್ಲ, ಹಾಂಗೆ ಕಾಣ್ತದೆ. ಇಲ್ಲಾಂದ್ರೆ ಎದ್ರಿಗೆ ಹಾವು ಬಂದಾಂಗೆ." ಆಮೇಲೆ ತನ್ನ ಎರಡೂ ಅಂಗೈ ಮುಂದೆ ಚಾಚಿದಳು. "ಕೈಯಾಗೆ ನಾರಿಲ್ಲ ಅಂದ್ಮೇಲೆ ಕಾಲಿಗೆ ಹ್ಯಾಂಗೆ ಗೊತ್ತಾತದೆ?"

ನಾನು ಒಪ್ಪಲಿಲ್ಲ. ಇಲ್ಲದ್ದನ್ನು ಇದೆ ಎಂದು ನಂಬಿಸುವುದೇ ಕಲೆ ಎಂದು ಸಿಸ್ಟರ್ ಹೇಳಿಕೊಟ್ಟದ್ದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ನಾರು ಹಿಡಿದರೆ ನೃತ್ಯ ಯಾವುದು, ಕೂಲಿ ಯಾವುದು? ಆದರೆ ಅವಳು ಹೇಳಿದ್ದರಲ್ಲಿ ಅರ್ಧವನ್ನು ತೆಗೆದುಕೊಂಡೆ. ರಾಟೆಯನ್ನು ತರಿಸಿದೆ.

ಆ ರಾಟೆಯನ್ನು ತಿರುಗಿಸಿದ ಕೂಡಲೇ ಕೆಲಸ ಬದಲಾಯಿತು. ಹಳೆಯ ಹೊನ್ನೆ ಮರದ್ದು, ನಾಲ್ಕು ಕದಿರು. ಹಿಡಿಕೆ ಮೇಲೇರುವಾಗ ಒಂದು ಉದ್ದನೆಯ ಕೀರಲು, ಕೆಳಗಿಳಿಯುವಾಗ ಒಂದು ಗಿಡ್ಡ ಕೀರಲು. ಎರಡೂ ಸಮ ಅಲ್ಲ. ಮೊದಲೆರಡು ಸುತ್ತಿಗೆ ಎಣಿಸಲು ನೋಡಿದೆ, ಎಂಟಕ್ಕೆ ಸಿಗಲಿಲ್ಲ, ಏಳಕ್ಕೂ ಸಿಗಲಿಲ್ಲ. ಪೋಸ್ಟ್ ಮಾಸ್ತರರ ಹೆಂಡತಿ ಎಣಿಸುವುದನ್ನು ಬಿಟ್ಟು ಸುಮ್ಮನೆ ಉದ್ದ ಕೀರಲಿಗೆ ಹಿಮ್ಮಡಿ ಸವರಿದಳು, ಗಿಡ್ಡದಕ್ಕೆ ಊರಿದಳು. ಉಳಿದ ಮೂವರೂ ಹಾಗೇ ಮಾಡಿದರು. ಹಾವು ಮಾಯವಾಯಿತು. ನಾಲ್ವರ ಬೆನ್ನೂ ಒಂದೇ ಬೆನ್ನಿನ ಹಾಗೆ ಕಂಡಿತು.

ಹಾರ್ಮೋನಿಯಂ ಮಾಸ್ತರರಿಗೆ ಇದನ್ನು ಹೇಳುವುದು ಕಷ್ಟವಾಯಿತು. ಅವರು ಪೆಟ್ಟಿಗೆಯ ಗಾಳಿ ಒತ್ತುವ ಭಾತೆ ಮುಚ್ಚಿ, ಇಪ್ಪತ್ತು ವರ್ಷದಲ್ಲಿ ಒಂದು ರಾಟೆ ತನ್ನ ಕೆಲಸ ಕಿತ್ತುಕೊಂಡದ್ದು ಇದೇ ಮೊದಲು ಎಂದು ನಕ್ಕರು. ನಕ್ಕದ್ದು ಅವರ ದೊಡ್ಡತನ.

ಅಲ್ಲಿಂದ ದಿನಾ ಮಧ್ಯಾಹ್ನ ರಾಟೆಯಮ್ಮ ಬಂದು ತಿರುಗಿಸಿದಳು. ಒಂಬತ್ತು ಮಾರು ಆದಾಗ ನಾನು ಕೈ ಎತ್ತಿದರೆ ನಿಲ್ಲಿಸುತ್ತಿದ್ದಳು. ನಡುವೆ ಬಿಡುವಿನಲ್ಲಿ, ನಾನು ನನ್ನ ಚೌಕುಳಿ ತಿದ್ದುತ್ತಿರುವಾಗ, ಅವಳು ಸೊಂಟದಿಂದ ನಾರು ತೆಗೆದು ನಾಲ್ವರಿಗೂ ಹೊಸೆಯುವುದನ್ನು ತೋರಿಸುತ್ತಿದ್ದಳು. ಅವರು ಗಲಾಟೆ ಮಾಡುತ್ತ ಕಲಿತರು. ಭಟ್ಕಳದ ಸೊಸೆ ಒಂದು ದಿನ ಅಂಗೈ ಕೆಂಪಾದದ್ದನ್ನು ತೋರಿಸಿ, ಮದರಂಗಿ ಹಾಕಿದ್ದು ಎಂದು ಅತ್ತೆಗೆ ಸುಳ್ಳು ಹೇಳಿದೆ ಎಂದಳು. ನನಗೆ ಅದೆಲ್ಲ ಮಕ್ಕಳಾಟ. ಬೇಗ ಮುಗಿಸಿ ಎಂದು ಅವಸರ ಮಾಡುತ್ತಿದ್ದೆ.

ಎರಡು ವಾರ ಇದೆ ಎನ್ನುವಾಗ ನಮ್ಮವರ ಟೇಪು ತೆಗೆದುಕೊಂಡು ಬೆಳಗಿನ ಬಸ್ಸಿಗೆ ಕುಮಟೆಗೆ ಹೋಗಿ ರಂಗಸ್ಥಳ ಅಳೆದೆ. ಶಾಲೆಯ ಬೆಂಚುಗಳ ಮೇಲೆ ಹಲಗೆ ಹಾಸಿ ಕಟ್ಟುವುದಂತೆ. ಆಳ ಮೂರು ಮಾರು. ಅದರ ಮೇಲೆ ಹಿಂದೆ ಹಿಂದೆ ನಡೆದರೆ ನಾಲ್ವರೂ ಅತಿಥಿಗಳ ತೊಡೆಯ ಮೇಲೆ ಬೀಳುತ್ತಾರೆ. ಬಯಲಿನ ನಡುವೆ ನಿಂತು ಸ್ವಲ್ಪ ಹೊತ್ತು ಯೋಚಿಸಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ. ರಾಟೆ ರಂಗಸ್ಥಳದ ಕೆಳಗೆ, ನೆಲದ ಮೇಲೆ. ಚಾಪೆಗಳ ನಡುವೆ ದಾರಿ ಬಿಡಿಸಿ, ನಾಲ್ವರೂ ರಾಟೆಗೆ ಮುಖ ಮಾಡಿ, ಜನರ ನಡುವೆ ಹಿಂದೆ ನಡೆಯುವುದು. ಅಲ್ಲೂ ಟೇಪು ಹಿಡಿದು ನೋಡಿದೆ. ಜನ ನಿಲ್ಲುವ ಜಾಗದವರೆಗೆ ಸರಿಯಾಗಿ ಒಂಬತ್ತು ಮಾರು.

ಅಧ್ಯಕ್ಷೆಗೆ ಇದು ರುಚಿಸಲಿಲ್ಲ. "ಮುಂದಿನ ಸಾಲಲ್ಲಿ ದೊಡ್ಡ ಜನ ಕೂತಿರ್ತ. ಅವ್ಕೆ ಬೆನ್ನು ತೋರ್ಸದ? ಮುಖ ಕಾಣದೇ ಇದ್ರೆ ಕುಣಿತ ಹೇಳಿ ಯಾರು ಹೇಳ್ತ?"

ಮುಖ ಕಾಣದಿದ್ದರೆ ಹಿಮ್ಮಡಿ ಕಾಣುತ್ತದೆ, ನಾನು ತೋರಿಸಬೇಕೆಂದಿರುವುದು ಅದನ್ನೇ ಎಂದೆ. ಅಷ್ಟು ನೇರವಾಗಿ ನಾನು ಅವರೊಂದಿಗೆ ಮಾತಾಡಿದ್ದು ಅದೇ ಮೊದಲು. ಅವರು ಸೆರಗು ಕೊಡವಿಕೊಂಡು ಎದ್ದರು. ಆಮೇಲೆ, ಸೀರೆಯಾದರೂ ಒಳ್ಳೆಯದು ಉಡಿಸು ಎಂದು ಬಿಟ್ಟುಕೊಟ್ಟರು. ನಾನು ಚೌಕುಳಿಯ ಕೈಮಗ್ಗದ ಸೀರೆಯನ್ನು ಹಿಮ್ಮಡಿ ಕಾಣುವ ಹಾಗೆ ಒಂದು ಗೇಣು ಎತ್ತಿ ಉಡಿಸಿದೆ.

ಕೂಟದ ದಿನ ನಾವು ಮೊದಲ ಬಸ್ಸಿಗೇ ಹೋದೆವು. ರಾಟೆಯಮ್ಮ ರಾಟೆಯೊಂದಿಗೆ ಮಧ್ಯಾಹ್ನದ ಬಸ್ಸಿಗೆ ಬರುವುದೆಂದು ಮಾತಾಗಿತ್ತು. ಕಡೆಯ ಮೂರು ದಿನ ಅಭ್ಯಾಸಕ್ಕೆ ಅವಳು ರಾಟೆ ಕೊಟ್ಟಿರಲಿಲ್ಲ, ಒಂದು ಕೆಲಸ ಇದೆ ಎಂದಿದ್ದಳು. ಕಲಿತದ್ದು ಗಟ್ಟಿಯಾಗಿದೆ ಎಂದು ನಾನೂ ಒತ್ತಾಯಿಸಿರಲಿಲ್ಲ. ಬಸ್ಸಿನ ಟಾಪಿನಿಂದ ಇಳಿಸಿದಾಗ ಮೊದಲು ರಾಟೆಯ ಗುರುತೇ ಸಿಗಲಿಲ್ಲ. ತೊಳೆದು, ಅರಿಸಿನ ಕುಂಕುಮ ಹಚ್ಚಿ, ಹಿಡಿಕೆಗೆ ಅಬ್ಬಲಿಗೆ ಹೂವಿನ ದಂಡೆ ಸುತ್ತಿದ್ದಳು. ಮರ ಕರ್ರಗೆ ಮಿರುಗುತ್ತಿತ್ತು. ಶಾಲೆಯ ಕೋಣೆಯಲ್ಲಿ ಇಟ್ಟು, ನೋಡೋಣ ಎಂದು ನಾನೇ ಒಂದು ಸುತ್ತು ತಿರುಗಿಸಿದೆ.

ಸದ್ದಿಲ್ಲ.

ಇನ್ನೊಂದು ಸುತ್ತು. ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು.

"ಒಂದ್ ಚೂರೂ ಕೂಗೂದಿಲ್ಲ ಈಗ," ಎಂದಳು ರಾಟೆಯಮ್ಮ. ಮುಖ ತುಂಬ ಸಂತೋಷ. "ಮೂರು ದಿನ ತೆಂಗಿನೆಣ್ಣೆ ಕುಡ್ಸಿದೆ ಅಕ್ಕೋರೆ. ನಿಮ್ಮನೀ ಅಂಗಳ್ದಾಗೆ ಹ್ಯಾಂಗೂ ನಡೀತದೆ. ಇಷ್ಟ್ ಜನ್ರ ಎದ್ರಿಗೆ ಅದು ಕಿರ್ ಕಿರ್ ಅಂದ್ರೆ, ಇವ್ಳಿಗೆ ಎಣ್ಣೆಗೂ ಗತಿ ಇಲ್ಲ ಹೇಳೂದಿಲ್ವಾ?"

ಅಷ್ಟು ದಿನ ಅವಳ ಪಕ್ಕದಲ್ಲೇ ಕೂತಿದ್ದೆ. ಆ ಕೀರಲೇ ನನಗೆ ಬೇಕಾದ್ದು ಎಂದು ಅವಳಿಗೆ ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವಿದೆ ಎಂದೇ ಹೊಳೆದಿರಲಿಲ್ಲ. ಚೌಕುಳಿ ಪುಸ್ತಕದಲ್ಲಿ ಎಲ್ಲ ಬರೆದಿದ್ದೆನಲ್ಲ.

ಹೊರಗೆ ಭಟ್ಕಳದವರ ಹಾಡು ಸುರುವಾಗಿತ್ತು. ಅದಾದ ಮೇಲೆ ನಮ್ಮದು. ಓರಗಿತ್ತಿಯರಲ್ಲಿ ದೊಡ್ಡವಳು ನನ್ನನ್ನು ಮೂಲೆಗೆ ಕರೆದು, ಅಚ್ಚಿಗೆ ಒಂದು ಹಿಡಿ ಮಣ್ಣು ಹಾಕಿದರೆ ಕೂಗಬಹುದು ಎಂದು ಪಿಸುಗುಟ್ಟಿದಳು. ಕೂಗುತ್ತಿತ್ತೇನೋ. ಆದರೆ ಅಬ್ಬಲಿಗೆ ಸುತ್ತಿದ ರಾಟೆಗೆ ಮಣ್ಣು ಹಾಕುವ ಕೈ ನನ್ನದಾಗಿರಲಿಲ್ಲ. ನಾನೇ ಚಪ್ಪಾಳೆ ತಟ್ಟಿ ನೋಡಿದೆ. ನಾಲ್ವರೂ ಹೆಜ್ಜೆ ಹಾಕಿದರು. ಹಿಂದಿನ ವರ್ಷದ ಡ್ರಿಲ್ ತಿರುಗಿ ಬಂತು. ನಮ್ಮ ಹಾರ್ಮೋನಿಯಂ ಮಾಸ್ತರರೇ ಭಟ್ಕಳದ ಹಾಡಿಗೂ ಬಾರಿಸುತ್ತಿದ್ದರು, ಕರೆದರೆ ಬರುತ್ತಿದ್ದರು. ಹಳೆಯ ಧಾಟಿಗೆ ನಾಲ್ವರೂ ತಪ್ಪಿಲ್ಲದೆ ನಡೆದು ಮುಗಿಸುತ್ತಿದ್ದರು. ನಗೆಪಾಟಲಾಗುತ್ತಿರಲಿಲ್ಲ. ಅಧ್ಯಕ್ಷೆಯ ಮಾತು ಉಳಿಯುತ್ತಿತ್ತು, ನಾಲ್ವರಿಗೂ ಹೊಸ್ತಿಲು ದಾಟುವ ದಾರಿ ಉಳಿಯುತ್ತಿತ್ತು. ಎದುರಿಗೆ ಹಾವು ಮಾತ್ರ ಇರುತ್ತಿತ್ತು.

ಆಗ ರಾಟೆಯ ಕೆಳಗಿಟ್ಟ ಬುಟ್ಟಿ ಕಂಡಿತು. ತುಂಬ ನಾರು. ಇದು ಯಾಕೆ ಎಂದರೆ, ರಾಟೆಯನ್ನು ಬರಿದಾಗಿ ಮನೆಯಿಂದ ಹೊರಡಿಸಬಾರದು, ಜೊತೆಗೆ ನಾರು ಇರಬೇಕು, ಅದು ಪದ್ಧತಿ ಎಂದಳು. ನಾನು ಒಂದು ಹಿಡಿ ನಾರು ಎತ್ತಿ ನೋಡಿದೆ. ಕೈಯಲ್ಲಿ ನಾರಿಲ್ಲದೆ ಕಾಲಿಗೆ ಹೇಗೆ ಗೊತ್ತಾಗುತ್ತದೆ ಎಂದು ಇವಳು ಕೇಳಿದ್ದು ಒಂದು ತಿಂಗಳ ಹಿಂದೆ.

"ಸೊಂಟಕ್ಕೆ ಸಿಕ್ಕಿಸ್ಕೊಳ್ಳಿ," ಎಂದೆ ನಾಲ್ವರಿಗೂ. "ಹೊಸೆಯೋಣ."

ಭಟ್ಕಳದ ಸೊಸೆ ಕೈ ಹಿಂದೆಳೆದುಕೊಂಡಳು. ನಿಜವಾಗಿಯಾ ಎಂದು ಕೇಳಿದಳು. ಎಳೆ ಹರಿದರೆ?

ಉತ್ತರ ಕೊಟ್ಟದ್ದು ರಾಟೆಯಮ್ಮ. "ಹರಿದ್ರೆ ನಾ ನಿಲ್ಲಿಸ್ತೆ, ನೀ ಕಟ್ಟು. ನಾ ತಿರುಗ್ಸೂದು ನಿನ್ ಬೆರಳಿಗೆ ಬತ್ತದೆ ತಂಗೀ. ಕಿವಿ ಎಂತಕ್ಕೆ ಬೇಕು?"

ಹೊರಗೆ ಬಂದೆವು. ನಾಲ್ಕು ಕದಿರಿಗೆ ನಾಲ್ಕು ತುದಿ ಸಿಕ್ಕಿಸಿದೆವು. ನಾನು ರಾಟೆಯ ಬದಿಗೆ ನಿಂತೆ, ಹಾಗಾಗಿ ಇಡೀ ಬಯಲಿನಲ್ಲಿ ಆ ಮುಖಗಳನ್ನು ಕಂಡವರು ನಾನು ಮತ್ತು ರಾಟೆಯಮ್ಮ ಇಬ್ಬರೇ. ರಾಟೆ ತಿರುಗಿತು. ಎಳೆ ಬಿಗಿಯಿತು. ಮೊದಲ ಮಾರು ಬಹಳ ನಿಧಾನ. ಜನ ಹಾಡು ಬರುತ್ತದೆಂದು ಕಾದರು. ಯಾರೋ ಕೆಮ್ಮಿದರು. ಮುಂದಿನ ಸಾಲಿನ ಒಬ್ಬ ದೊಡ್ಡ ಮನುಷ್ಯರು ಹಾರ್ಮೋನಿಯಂ ಕಡೆ ತಿರುಗಿ ನೋಡಿದರು. ಮಾಸ್ತರರು ಎರಡೂ ಕೈ ಮಡಿಲಲ್ಲಿಟ್ಟು ಗಂಭೀರವಾಗಿ ಕೂತಿದ್ದರು. ಎರಡನೇ ಮಾರಿಗೆ ಬಯಲು ಪೂರ್ತಿ ನಿಶ್ಶಬ್ದವಾಯಿತು, ಆಗ ಬೆರಳ ನಡುವೆ ನಾರು ಜಾರುವ ಸಣ್ಣ ಸರಸರ ಕೇಳಿತು, ಮರಳಿನ ಮೇಲೆ ಹಿಮ್ಮಡಿ ಸವರುವುದು ಕೇಳಿತು. ಕೀರಲಿದ್ದಾಗ ಇವೆರಡೂ ನನಗೆ ಕೇಳಿಸಿರಲಿಲ್ಲ.

ನಾಲ್ಕನೇ ಮಾರಿಗೆ ಭಟ್ಕಳದ ಸೊಸೆ ತಡವರಿಸಿದಳು. ಎಳೆ ಜೋತುಬಿತ್ತು, ಸುರುಳಿಗಟ್ಟಿತು. ರಾಟೆಯಮ್ಮ ಕಣ್ಣೆತ್ತದೆ ಕೈ ಹಗುರ ಮಾಡಿದಳು. ಉಳಿದ ಮೂವರಿಗೆ ಅದು ಬೆರಳಲ್ಲೇ ತಿಳಿದು ಅವರೂ ತಡೆದರು. ನಾಲ್ವರೂ ಒಂದು ಉಸಿರಿನಷ್ಟು ನಿಂತರು. ಹಿಂದೆ ಬೇಲಿಯ ಹತ್ತಿರ ನಿಂತ ಕೆಲಸದ ಹೆಂಗಸರ ಗುಂಪಿನಿಂದ ಒಂದು ದನಿ ಬಂತು: "ಎಡಗೈ ಬಿಗಿ ಹಿಡಿ ತಂಗೀ." ಅವಳು ಹಿಡಿದಳು. ನಾಲ್ವರೂ ಮತ್ತೆ ಹೊರಟರು. ಅಂಥ ಒಂದು ನಿಲುಗಡೆಯನ್ನು ನಾನು ಹತ್ತು ಹಾಳೆಯಲ್ಲೂ ಬರೆದಿರಲಿಲ್ಲ, ಬರೆಯಲು ಬರುತ್ತಲೂ ಇರಲಿಲ್ಲ.

ಒಂಬತ್ತು ಮಾರು ಆಯಿತು. ನಾನು ಕೈ ಎತ್ತಿದೆ. ರಾಟೆಯಮ್ಮ ನೋಡಲಿಲ್ಲ. ನಾರು ಕೈಗೆ ಬಂದ ಮೇಲೆ ಅವಳಿಗೆ ಅದು ನೃತ್ಯವಲ್ಲ, ಹಗ್ಗ. ಹಗ್ಗ ಎಂದರೆ ಹಲಸಿನ ಮರದವರೆಗೆ ಹನ್ನೆರಡು ಮಾರು. ದಾರಿ ಮುಗಿದಿತ್ತು. ನಾಲ್ಕು ಬೆನ್ನುಗಳು ನಿಂತ ಜನರ ಕಡೆಗೆ ಹಾಗೇ ಹೋಗುತ್ತಿದ್ದವು. ಅವಳ ಭುಜ ಮುಟ್ಟಿ ನಿಲ್ಲಿಸಬಹುದಿತ್ತು. ನಾನು ಎತ್ತಿದ ಕೈಯನ್ನು ಕೆಳಗಿಳಿಸಿದೆ.

ಮೀನು ಮಾರುವ ಒಬ್ಬಳು ಕಾಲ ಬಳಿಯಿದ್ದ ಬುಟ್ಟಿಯನ್ನು ಸರಕ್ಕನೆ ಎತ್ತಿಕೊಂಡಳು. ಪಕ್ಕದವಳನ್ನು ಮೊಣಕೈಯಿಂದ ದೂಡಿದಳು. ತನ್ನ ಕಡೆಗೇ ಬರುತ್ತಿದ್ದ ಪೋಸ್ಟ್ ಮಾಸ್ತರರ ಹೆಂಡತಿಯ ಬೆನ್ನಿಗೆ ಅಂಗೈ ತಾಗಿಸಿ, "ಬಾ ಬಾ, ಜಾಗ ಉಂಟು," ಎಂದಳು. ಜನ ಎರಡು ಪಾಲಾದರು. ನಾಲ್ವರೂ ಅವರೊಳಗೆ ಹೋಗಿ ಕಾಣದಾದರು. ಎಳೆಗಳು ಮಾತ್ರ ನಮ್ಮಿಂದ ಅಲ್ಲಿಯವರೆಗೆ ಬಿಗಿಯಾಗಿ, ಸ್ವಲ್ಪ ನಡುಗುತ್ತ ನಿಂತವು. ಆಗ ರಾಟೆಯಮ್ಮ ಹಿಡಿಕೆ ಬಿಟ್ಟು, "ಆತು," ಎಂದಳು.

ಚಪ್ಪಾಳೆ ಕೂಡಲೇ ಬರಲಿಲ್ಲ. ಮುಗಿಯಿತೆಂದು ಜನರಿಗೆ ಗೊತ್ತಾಗಲಿಲ್ಲ, ಯಾಕೆಂದರೆ ಎಳೆ ಸೇರಿಸಿ ಹುರಿ ಮಾಡುವುದು ಇನ್ನೂ ಉಳಿದಿತ್ತು. ನಾರು ಹಿಡಿದವರಿಗೆ ಅದನ್ನು ಅರ್ಧಕ್ಕೆ ಬಿಡುವುದು ತೋಚಲೇ ಇಲ್ಲ. ಬೇಲಿಯ ಬಳಿಯ ಇಬ್ಬರು ಹೆಂಗಸರು ತಾವಾಗಿ ಬಂದು ತುದಿ ಹಿಡಿದರು. ನಾಲ್ಕು ಎಳೆ ಹುರಿಗೊಂಡು ಒಂದು ಹಗ್ಗವಾಗುವವರೆಗೂ ಎಲ್ಲರೂ ನೋಡಿದರು. ಚಪ್ಪಾಳೆ ಬಂದದ್ದು ಆಮೇಲೆ, ಹಿಂದಿನಿಂದ ಸುರುವಾಗಿ ಮುಂದಕ್ಕೆ.

ಅಧ್ಯಕ್ಷೆ ನನ್ನ ಹತ್ತಿರ ಬಂದು ನಿಂತರು. ಭಟ್ಕಳದ ಸೊಸೆಯ ಅತ್ತೆ ಬಂದಿದ್ದರು; ಸೊಸೆಯ ಕೈ ಹಿಡಿದು ಕೆಂಪಾದ ಅಂಗೈ ನೋಡುತ್ತಿದ್ದರು. ಮದರಂಗಿಯ ಸುಳ್ಳು ಬಯಲಾಗಿತ್ತು. "ಇನ್ನು ಮೇಲೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿಕೊಂಡು ಹೋಗು ಅಭ್ಯಾಸಕ್ಕೆ," ಎಂದು ಅವರು ಹೇಳಿದ್ದು ನಮ್ಮಿಬ್ಬರಿಗೂ ಕೇಳಿತು. ಅಧ್ಯಕ್ಷೆ ಆಗ ನನ್ನ ಕಡೆ ತಿರುಗಿ, "ಮುಖ ಕಂಡಿದ್ದಿಲ್ಲೆ," ಎಂದರು. ಆಮೇಲೆ, "ಅಡ್ಡಿಲ್ಲೆ," ಎಂದರು.

ವಾಪಸಿನ ಬಸ್ಸಿನಲ್ಲಿ ರಾಟೆಯಮ್ಮ ಹಗ್ಗವನ್ನು ಮಡಿಲಲ್ಲಿಟ್ಟು ಬೆರಳಾಡಿಸುತ್ತ ಕೂತಿದ್ದಳು. ಅದು ಚೆನ್ನಾದ ಹಗ್ಗವಲ್ಲ, ಪೇಟೆಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ ಎಂದಳು. ಆಮೇಲೆ ನನ್ನ ಬೆರಳು ಹಿಡಿದು ಹಗ್ಗದ ಮೇಲೆ ಇಟ್ಟು ತೋರಿಸುತ್ತ ಹೋದಳು. ಇಲ್ಲಿ ಎಲ್ಲರೂ ಸುರುವಿನ ಅಂಜಿಕೆಯಲ್ಲಿ ನಾರು ಹೆಚ್ಚು ಬಿಟ್ಟದ್ದು. ಇಲ್ಲಿ ಗಂಟಿನ ಹಾಗಿರುವುದು ಭಟ್ಕಳದವಳು ನಿಂತದ್ದು. ಇಲ್ಲಿಂದ ಮುಂದೆ ಸಮ. ಇಲ್ಲಿ, ಕಡೆಯ ಮೂರು ಮಾರು, ನನ್ನ ಹಗ್ಗಕ್ಕಿಂತ ಚಂದ ಆಗ್ಯದೆ ನೋಡಿ, ಎಂದಳು. ಕಣ್ಣು ಮುಚ್ಚಿ ಸವರಿದೆ. ಮೊದಲಿಂದ ಕಡೆಯವರೆಗೆ ಇಡೀ ನೃತ್ಯ ಅದರಲ್ಲಿತ್ತು. ಚೌಕುಳಿ ಪುಸ್ತಕವನ್ನು ಚೀಲದ ತಳಕ್ಕೆ ತಳ್ಳಿದೆ.

ಹಗ್ಗವನ್ನು ಅವಳು ನನಗೇ ಕೊಟ್ಟಳು. ಅದು ಈಗ ನಮ್ಮ ಬಾವಿಯಲ್ಲಿದೆ. ಕೊಡ ಮೇಲೆ ಬರುವಾಗ ಆ ಗಂಟು ಗಡಗಡೆಗೆ ಸಿಕ್ಕಿ ಒಂದು ಉಸಿರಿನಷ್ಟು ತಡೆಯುತ್ತದೆ, ಆಮೇಲೆ ದಾಟುತ್ತದೆ. ಗಡಗಡೆಯೂ ಕಿರುಗುಟ್ಟುತ್ತದೆ, ಏರುವಾಗ ಉದ್ದ, ಇಳಿಯುವಾಗ ಗಿಡ್ಡ. ಮೊನ್ನೆ ನಮ್ಮವರು ಎಣ್ಣೆಯ ಕುಪ್ಪಿ ಹಿಡಿದು ಬಾವಿಕಟ್ಟೆಗೆ ಹೊರಟಿದ್ದರು. ಅಡುಗೆಮನೆಯಿಂದಲೇ ಕೂಗಿ ಬೇಡ ಎಂದೆ.